ತುಂಗಭದ್ರಾ ಗೇಟುಗಳು ಬದಲಾಗುತ್ತಿವೆ, ಸರಿ. ದುರಸ್ತಿಗೆಂದೇ ಹಣ ತೆಗೆದಿಡುವುದು ಯಾವಾಗ?

ಕೊನೇಭಾಗ_ಮಾನ್ವಿ:
ಈ ವರ್ಷ ತುಂಗಭದ್ರಾ ಎಡದಂಡೆಯಲ್ಲಿ ಬೇಸಿಗೆ ಭತ್ತ ಇಲ್ಲ. ಅಣೆಕಟ್ಟೆಯ ನೆತ್ತಿಯಲ್ಲಿರುವ 33 ಕ್ರೆಸ್ಟ್‌ಗೇಟುಗಳನ್ನೂ ಬದಲಿಸಬೇಕು, ಅದಕ್ಕಾಗಿ ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಅಂತ ತೀರ್ಮಾನ ಆಗಿದೆ. ಗೇಟು ಬದಲಿಸಬೇಡಿ ಅನ್ನುವ ಒಬ್ಬ ರೈತನನ್ನೂ ನಾನು ಕಂಡಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಹೊಳೆ ಪಾಲಾದಾಗ ಜಲಾಶಯ ತುಂಬಿ ನಿಂತಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯ್ತು. ಒಂದು ವಾರದಲ್ಲಿ 30 ಟಿಎಂಸಿಗೂ ಹೆಚ್ಚು ನೀರು ಕಣ್ಣೆದುರೇ ಹರಿದುಹೋಯ್ತು. ಆಮೇಲೆ ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿಕೊಂಡಿತು. ಆ ಮಳೆ ಬಾರದಿದ್ದರೆ ಗತಿ ಏನಿತ್ತು ಅಂತ ಈಗಲೂ ನಮ್ಮೂರಲ್ಲಿ ಮಾತಾಡ್ತಾರೆ.

2025ರ ಮುಂಗಾರಿನಲ್ಲಿ ಗೇಟುಗಳ ಮೇಲೆ ಭರವಸೆ ಇಲ್ಲದೆ ನೀರಿನ ಸಂಗ್ರಹವನ್ನು 80 ಟಿಎಂಸಿ ಆಸುಪಾಸಿಗೇ ನಿಲ್ಲಿಸಿದರು. ಈಗ ಬೇಸಿಗೆ ಬೆಳೆಯೂ ಹೋಯ್ತು. ಒಂದು ಚೈನಿನ ಕೊಂಡಿ ತುಂಡಾದದ್ದಕ್ಕೆ ಎರಡು ಹಂಗಾಮು ಏರುಪೇರು.

ನನ್ನ ಪ್ರಶ್ನೆ ಗೇಟಿನದ್ದು ಮಾತ್ರ ಅಲ್ಲ. ಕೇಂದ್ರ ಜಲ ಆಯೋಗದ ಅಧ್ಯಕ್ಷರಾಗಿದ್ದ ಎ.ಕೆ. ಬಜಾಜ್ ಅವರ ಸಮಿತಿ ಬಂದು ನೋಡಿ, ಎಲ್ಲ ಗೇಟುಗಳನ್ನೂ ಬದಲಿಸಿ ಅಂದಿತು. ಇಂಥ ಗೇಟುಗಳ ಆಯುಸ್ಸು 45 ವರ್ಷ ಅಂತೆ. ಅಣೆಕಟ್ಟೆ ಮುಗಿದದ್ದು 1953ರಲ್ಲಿ. ಅಂದರೆ 1998ರ ಹೊತ್ತಿಗೇ ಆಯುಸ್ಸು ತೀರಿತ್ತು. ಅಲ್ಲಿಂದ ಇಪ್ಪತ್ತೈದು ವರ್ಷ, ವರ್ಷಕ್ಕೆ ಒಂದೆರಡು ಗೇಟಿನಂತೆ ಬದಲಿಸಿದ್ದರೂ ಈ ಹೊತ್ತಿಗೆ ಕೆಲಸ ಮುಗಿದಿರುತ್ತಿತ್ತು. ಯಾಕೆ ಆಗಲಿಲ್ಲ? ಹಣ ಇರಲಿಲ್ಲವೋ, ಇದ್ದೂ ಬೇರೆ ಕಡೆ ಹೋಯಿತೋ? ರಾಜ್ಯದಲ್ಲಿ ಇದೇ ಸ್ಥಿತಿಯ ಸೇತುವೆ, ಕಾಲುವೆ, ರಸ್ತೆ ಎಷ್ಟಿವೆ? ಇಲಾಖೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ.

ನಿವೃತ್ತ_ಎಇಇ:
ನಾನು ಬೇರೆ ಅಣೆಕಟ್ಟೆಗಳಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ) ಆಗಿ ಕೆಲಸ ಮಾಡಿದವನು, ತುಂಗಭದ್ರೆಯಲ್ಲಿ ಅಲ್ಲ. ಆದರೆ ಗೇಟಿನ ಕಷ್ಟ ಎಲ್ಲ ಕಡೆ ಒಂದೇ.

ಅಲ್ಲಿನ ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಹಲಗೆ. ಅದನ್ನು ಎತ್ತುವ ಚೈನು ನೋಡಲು ಸೈಕಲ್ ಚೈನಿನ ಹಾಗೆಯೇ, ಕೊಂಡಿಗೆ ಕೊಂಡಿ ಸೇರಿಸಿ ನಡುವೆ ಪಿನ್ನು. ಮೇಲಿನಿಂದ ಬಣ್ಣ ಬಳಿದಿದ್ದರೆ ಕೊಂಡಿ ಗಟ್ಟಿಯಾಗೇ ಕಾಣುತ್ತದೆ. ಪಿನ್ನಿನ ಸುತ್ತ ಗ್ರೀಸ್ ಒಣಗಿ, ಒಳಗೆ ತುಕ್ಕು ತಿಂದು, ಲೋಹ ಸವೆದದ್ದು ಬರಿಗಣ್ಣಿಗೆ ಕಾಣುವುದಿಲ್ಲ. ಅಲ್ಟ್ರಾಸೋನಿಕ್ ಪರೀಕ್ಷೆ ಮಾಡಬೇಕು, ಇಲ್ಲವೇ ಪಿನ್ನು ಬಿಚ್ಚಿ ಅಳೆಯಬೇಕು. ಜೊತೆಗೆ ಪಕ್ಕದ ರೋಲರ್ ತಿರುಗದೆ ಹಿಡಿದುಕೊಂಡರೆ ಎತ್ತುವಾಗ ಒಂದು ಕಡೆಗೇ ಭಾರ ಬೀಳುತ್ತದೆ. ಇದಕ್ಕೆಲ್ಲ ಬೇಕಾದದ್ದು ದೊಡ್ಡ ಮೊತ್ತವಲ್ಲ. ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ, ತಪ್ಪದೆ ಬರುವ ಸಣ್ಣ ಮೊತ್ತ.

ಇನ್ನೊಂದು ಸಂಗತಿ. ಈಗಿನ ಅಣೆಕಟ್ಟೆಗಳಲ್ಲಿ ಗೇಟಿಗೆ ಮುಂದೆ, ನೀರಿನ ಕಡೆಗೆ, ಉಕ್ಕಿನ ತಡೆಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸುವ ವ್ಯವಸ್ಥೆ ಇರುತ್ತದೆ. ಗೇಟು ಕೆಟ್ಟರೆ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದು ಆರಾಮಾಗಿ ರಿಪೇರಿ ಮಾಡಬಹುದು. ತುಂಗಭದ್ರೆಯಲ್ಲಿ ಅದು ಇರಲಿಲ್ಲ. ಅದಕ್ಕೇ 2024ರಲ್ಲಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹೊಸಪೇಟೆ-ತೋರಣಗಲ್ಲು ಸುತ್ತಿನ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಕೂತು ತಡೆಹಲಗೆಯ ಉಕ್ಕಿನ ಎಲಿಮೆಂಟ್‌ಗಳನ್ನು ಮಾಡಿಸಿ, ಧುಮುಕುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಬೇಕಾಯಿತು. ಆ ಕೆಲಸಗಾರರು ಜೀವ ಪಣಕ್ಕಿಟ್ಟು ಮಾಡಿದ ಕೆಲಸ ಅದು. ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಅವರನ್ನು ಆ ಸ್ಥಿತಿಗೆ ತಳ್ಳಬಾರದಿತ್ತು. ಮೂರು ವರ್ಷ ಮುಂಚೆ, 2021ರ ಆಗಸ್ಟ್‌ನಲ್ಲಿ, ಆಂಧ್ರದ ಪುಲಿಚಿಂತಲದಲ್ಲಿ ಕೃಷ್ಣಾ ನದಿಯ ಮೇಲೆ ಇದೇ ರೀತಿ ಗೇಟು ಕೊಚ್ಚಿಹೋಗಿತ್ತು. ಎಚ್ಚರಿಕೆ ಪಕ್ಕದ ರಾಜ್ಯದಿಂದಲೇ ಬಂದಿತ್ತು.

ಹಣದ ವಿಷಯ ನಾಳೆ ಬರೆಯುತ್ತೇನೆ. ಅದು ಬೇರೆಯದೇ ಕಥೆ.

ಕಾಳಿತೀರ:
ನಮ್ಮ ಕಡೆಯದ್ದನ್ನೂ ಸೇರಿಸಿ. ನಿಮ್ಮ ಗೇಟು ಹೋಗುವುದಕ್ಕೆ ಮೂರೇ ದಿನ ಮುಂಚೆ, 2024ರ ಆಗಸ್ಟ್ 7ರ ನಡುರಾತ್ರಿ, ಕಾರವಾರ-ಸದಾಶಿವಗಡ ನಡುವಿನ ಕಾಳಿ ಹಳೆ ಸೇತುವೆ ಬಿತ್ತು. ಲಾರಿಯೊಂದು ಹೊಳೆಗೆ ಬಿದ್ದು, ಚಾಲಕ ಲಾರಿಯ ಮೇಲೆ ನಿಂತು ಕೂಗಿಕೊಂಡು, ಮೀನುಗಾರರೂ ಪೊಲೀಸರೂ ಸೇರಿ ಅವರನ್ನು ಉಳಿಸಿದರು. ಹಗಲು ಹೊತ್ತಿನಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಕೈಕಾಲು ತಣ್ಣಗಾಗುತ್ತದೆ. ನಲವತ್ತು ವರ್ಷದ ಸೇತುವೆ ಅದು. ಚತುಷ್ಪಥ ಆಗುವಾಗ ಪಕ್ಕದಲ್ಲಿ ಹೊಸದು ಕಟ್ಟಿದರು, ಹಳೆಯದನ್ನು ಒಂದು ದಿಕ್ಕಿನ ವಾಹನಗಳಿಗೆ ಹಾಗೇ ಉಳಿಸಿಕೊಂಡರು.

ಅದು ರಾಷ್ಟ್ರೀಯ ಹೆದ್ದಾರಿ, ರಾಜ್ಯದ್ದಲ್ಲ, ಗೊತ್ತು. 2018ರ ಜೂನ್‌ನಲ್ಲಿ ಬಂಟ್ವಾಳದ ಮುಲ್ಲರಪಟ್ಟಣದಲ್ಲಿ ಫಲ್ಗುಣಿ ನದಿಯ ಸೇತುವೆ ಬಿದ್ದಿತ್ತಲ್ಲ, ಅದು ಹೆದ್ದಾರಿ ಸೇತುವೆ ಅಲ್ಲ. ಕಂಬದ ಬುಡದಲ್ಲೇ ಮರಳು ತೆಗೆಯುತ್ತಿದ್ದಾರೆ ಅಂತ ಊರವರು ದೂರುತ್ತಲೇ ಇದ್ದರು. ಮಕ್ಕಳು ಶಾಲೆಗೆ ಸುತ್ತು ಹಾಕಿಕೊಂಡು ಹೋಗಬೇಕಾಯಿತು. ಯಾರ ಅಧೀನದ್ದಾದರೂ, ಬಿದ್ದ ಮೇಲಷ್ಟೇ ಹಣ ಮಂಜೂರಾಗುತ್ತದೆ.

ಲೆಕ್ಕ_ಬಿಡಿಸಿ:
ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2025-26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ ರೂ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ. ಬಂಡವಾಳ ವೆಚ್ಚ, ಅಂದರೆ ಹೊಸ ಆಸ್ತಿ ಕಟ್ಟುವ ಖರ್ಚು, ಒಟ್ಟು 71,336 ಕೋಟಿ. ಸಾಲ 1,16,000 ಕೋಟಿ. ಗ್ಯಾರಂಟಿಗೆ ಹೋಗುವುದರಲ್ಲಿ ಅರ್ಧ ದುರಸ್ತಿಗೆ ಕೊಟ್ಟರೂ ರಾಜ್ಯದ ಯಾವ ಸೇತುವೆಯೂ ಬೀಳುವುದಿಲ್ಲ. ಇಷ್ಟು ಸರಳ.

ಅಳವಂಡಿ_ಅಕ್ಕ:
ಅಣ್ಣಾರ, ಅಷ್ಟು ಸರಳ ಇಲ್ಲ. ನಾನು ಕೊಪ್ಪಳಕ್ಕೆ ದಿನಾ ಕೆಲಸಕ್ಕೆ ಹೋಗಾಕಿ. ಶಕ್ತಿ ಟಿಕೆಟ್‌ನಾಗ ಹೋಗ್ತೀನಿ, ಅದರಿಂದ ಉಳಿದ ರೊಕ್ಕ ಮಗಳ ಕಾಲೇಜ್ ಫೀಸಿಗೆ ಆಗೇತಿ. ಅದ ಬಸ್ಸು ಗುಂಡಿ ಬಿದ್ದ ರಸ್ತೆ ಮ್ಯಾಲೆ ಹೋಗ್ತದ, ಮಳಿಗಾಲದಾಗ ಹಳ್ಳ ಬಂದರ ನಿಂತ ಬಿಡ್ತದ. ನನಗ ಬಸ್ಸೂ ಬೇಕು, ರಸ್ತೇನೂ ಬೇಕು. ಒಂದು ಕೊಟ್ಟು ಇನ್ನೊಂದು ಕಿತ್ಕೋರಿ ಅಂತ ಯಾಕ ಹೇಳ್ತೀರಿ? ಗ್ಯಾರಂಟಿ ಬಂದದ್ದು 2023ಕ್ಕ. ಗೇಟಿನ ಆಯುಸ್ಸು ಮುಗಿದದ್ದು 1998ಕ್ಕ ಅಂತ ಮ್ಯಾಲಿನ ಅಣ್ಣ ಬರದಾರ. ನಡುವಿನ ಇಪ್ಪತ್ತೈದು ವರ್ಷ ಯಾವ ಗ್ಯಾರಂಟಿ ಇತ್ರಿ?

ಲೆಕ್ಕ_ಬಿಡಿಸಿ:
ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಆದರೂ ಒಂದು ಮಾತು: ಮುಂಚೆಯೇ ಕೊರತೆ ಇದ್ದ ಕಡೆ ಈಗ ಇನ್ನಷ್ಟು ಬಿಗಿಯಾಗಿದೆ. ಗುತ್ತಿಗೆದಾರರು ಬಿಲ್ಲಿಗಾಗಿ ಕಾಯುತ್ತಿದ್ದಾರೆ. ಮಾಡಿದ ಕೆಲಸಕ್ಕೇ ಹಣ ಬಿಡುಗಡೆಯ ಎಲ್‌ಒಸಿ ಬಾರದಿದ್ದರೆ ದುರಸ್ತಿ ಟೆಂಡರಿಗೆ ಒಳ್ಳೆಯ ಗುತ್ತಿಗೆದಾರ ಬರುವುದಿಲ್ಲ. ಬಂದವನು ಕಡಿಮೆ ದರಕ್ಕೆ ಹಿಡಿದು ತೇಪೆ ಹಾಕಿ ಹೋಗುತ್ತಾನೆ.

ನಿವೃತ್ತ_ಎಇಇ:
ಅಳವಂಡಿಯ ತಂಗಿ ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದಾರೆ. ನಿನ್ನೆ ಹೇಳುತ್ತೇನೆ ಅಂದದ್ದನ್ನು ಈಗ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಲೋಕೋಪಯೋಗಿಯಲ್ಲಿ ರಸ್ತೆ-ಸೇತುವೆಗೆ ಎರಡು ಲೆಕ್ಕ ಶೀರ್ಷಿಕೆ. ಹೊಸ ಕಾಮಗಾರಿ 5054, ನಿರ್ವಹಣೆ 3054. ನೀರಾವರಿಯಲ್ಲೂ ಹೀಗೆಯೇ, 4701 ಮತ್ತು 2701. ಐದು ಮತ್ತು ನಾಲ್ಕರಿಂದ ಶುರುವಾಗುವುದು ಬಂಡವಾಳ ವೆಚ್ಚ, ಮೂರು ಮತ್ತು ಎರಡರಿಂದ ಶುರುವಾಗುವುದು ರಾಜಸ್ವ ವೆಚ್ಚ, ಅಂದರೆ ವರ್ಷ ವರ್ಷದ ನಡೆಸುವ ಖರ್ಚು. ಇಲ್ಲೇ ಇಡೀ ಗಂಟು ಇರುವುದು.

ಬಂಡವಾಳ ವೆಚ್ಚಕ್ಕೆ ಸಾಲ ಎತ್ತಬಹುದು. ಕೇಂದ್ರ 2020-21ರಿಂದ ರಾಜ್ಯಗಳಿಗೆ 50 ವರ್ಷದ ಬಡ್ಡಿರಹಿತ ಸಾಲ ಕೊಡುತ್ತಿದೆ, ಅದೂ ಬಂಡವಾಳ ಕಾಮಗಾರಿಗೇ. ಗ್ರೀಸ್, ರಬ್ಬರ್ ಸೀಲು, ಸೇತುವೆಯ ಬೇರಿಂಗ್ ಬದಲಾವಣೆ, ಕಾಲುವೆಯ ಹೂಳು ತೆಗೆಯುವುದು, ಜಂಗಲ್ ಕಟಿಂಗ್ ಮುಂತಾದವಕ್ಕೆ ರಾಜಸ್ವದಿಂದಲೇ ಬರಬೇಕು. ಅದೇ ರಾಜಸ್ವದಿಂದ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ಗ್ಯಾರಂಟಿ ಎಲ್ಲವೂ. ಸಂಬಳ ನಿಲ್ಲಿಸಲಾಗದು, ಬಡ್ಡಿ ನಿಲ್ಲಿಸಲಾಗದು. ಕೊರತೆ ಕಂಡಾಗ ಹಣಕಾಸು ಇಲಾಖೆ ಕತ್ತರಿ ಇಡಲು ಸುಲಭವಾಗಿ ಸಿಗುವುದು ನಿರ್ವಹಣೆ. ಈ ವರ್ಷ ಗ್ರೀಸ್ ಹಾಕದಿದ್ದರೆ ಈ ವರ್ಷವೇ ಏನೂ ಆಗುವುದಿಲ್ಲವಲ್ಲ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದ ಮೊದಲ ರಾಜ್ಯ. ಅದು ಒಳ್ಳೆಯ ಕೆಲಸವೇ. ಆದರೆ ರಾಜಸ್ವ ಕೊರತೆ ಕಾಣಿಸಬಾರದು ಎಂಬ ಒತ್ತಡ ನಿರ್ವಹಣೆಯ ಮೇಲೆ ಬಿದ್ದದ್ದನ್ನು ನಾನು ಸೇವೆಯಲ್ಲಿದ್ದಷ್ಟು ಕಾಲವೂ ನೋಡಿದ್ದೇನೆ. ಆಸ್ತಿ ಸವೆದದ್ದು ಯಾವ ಬಜೆಟ್ ಪುಸ್ತಕದಲ್ಲೂ ಕೊರತೆಯಾಗಿ ಕಾಣುವುದಿಲ್ಲ.

ಶಾಸಕರನ್ನೂ ಪೂರ್ತಿ ದೂರಲಾರೆ. ಹೊಸ ರಸ್ತೆಗೆ ಗುದ್ದಲಿ ಪೂಜೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಚೈನಿಗೆ ಗ್ರೀಸ್ ಹಾಕಿದ್ದಕ್ಕೆ ಊರವರೇ ಹೂಮಾಲೆ ಹಾಕುವುದಿಲ್ಲ. ನಾವು ಕಾರ್ಯಪಾಲಕರ ಕಚೇರಿಯಲ್ಲಿ ಕೂತು ಬಜೆಟ್ಟಿನ ಕಾಮಗಾರಿ ಪಟ್ಟಿಯಾದ ಅಪೆಂಡಿಕ್ಸ್-ಇಗೆ ಕೆಲಸ ಸೇರಿಸುವಾಗ ಬರುತ್ತಿದ್ದ ಶಿಫಾರಸು ಪತ್ರಗಳಲ್ಲಿ ಹಳೆ ಸೇತುವೆ ಪರೀಕ್ಷೆ ಮಾಡಿಸಿ ಎಂಬ ಒಂದೂ ಇರುತ್ತಿರಲಿಲ್ಲ.

ಹಾಸನ_ಹುಡುಗ:
ಸರ್, ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. 3054 ಅಂತ ಬೋರ್ಡಿನ ಮೇಲೆ ನೋಡಿದ್ದೆ, ಏನಂತ ಗೊತ್ತಿರಲಿಲ್ಲ.

ತೆರಿಗೆ_ಪಾಲು:
ಎಲ್ಲರೂ ರಾಜ್ಯವನ್ನೇ ಹಿಡಿದುಕೊಂಡಿದ್ದೀರಿ. ಮೇಲಿನಿಂದ ಬರಬೇಕಾದದ್ದರ ಮಾತು ಎಲ್ಲಿ? 14ನೇ ಹಣಕಾಸು ಆಯೋಗದಲ್ಲಿ ಕೇಂದ್ರ ತೆರಿಗೆಯ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 4.713 ಇತ್ತು, 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಆ ನಷ್ಟ ನೋಡಿ ಆಯೋಗವೇ 5,495 ಕೋಟಿ ವಿಶೇಷ ಅನುದಾನ ಶಿಫಾರಸು ಮಾಡಿತ್ತು, ಬರಲಿಲ್ಲ. 2023-24ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ ಸಂಸತ್ತಿನಲ್ಲಿ ಓದಿದರು, ಅದೂ ಬರಲಿಲ್ಲ. ಚಿತ್ರದುರ್ಗದ ರೈತರು ಅದಕ್ಕಾಗಿ ರಸ್ತೆಗಿಳಿದರು. ಕೇಂದ್ರ ಕೊಡದ ಹಣವನ್ನು ರಾಜ್ಯ ತನ್ನ ಜೇಬಿನಿಂದ ಹಾಕಿದಾಗ ಕತ್ತರಿ ಬೀಳುವುದು ಎಇಇ ಸರ್ ಹೇಳಿದ ಅದೇ 2701 ಮೇಲೆ.

ಕೊನೇಭಾಗ_ಮಾನ್ವಿ:
ಪಾಲಿನ ಹೋರಾಟ ನ್ಯಾಯವಾದದ್ದೇ, ನಾನೂ ಬೆಂಬಲಿಸುತ್ತೇನೆ. ಆದರೆ ಪಾಲು ಹೆಚ್ಚಾದರೆ ಹೆಚ್ಚಾದ ಹಣ ನಿರ್ವಹಣೆಗೆ ಬರುತ್ತದೆ ಅನ್ನುವ ಖಾತ್ರಿ ಎಲ್ಲಿದೆ? ಪಾಲು ಶೇ 4.7 ಇದ್ದ ಕಾಲದಲ್ಲೂ ನಮ್ಮ ಉಪಕಾಲುವೆಯ ಲೈನಿಂಗ್ ಕಿತ್ತು ಬಿದ್ದೇ ಇತ್ತು.

ಸಿರುಗುಪ್ಪ_ಗದ್ದೆ:
ನಮ್ ಕಡೆ ಕೆಳಮಟ್ಟದ ಕಾಲುವೆ ಕಥಿ ಕೇಳ್ರಿ. ಎಲ್‌ಎಲ್‌ಸಿ ಅಂತೀವಿ. ಬಳ್ಳಾರಿ, ಸಿರುಗುಪ್ಪ ದಾಟಿ ಆಂಧ್ರದ ಆದೋನಿ ಕಡಿ ಹೋಗ್ತೈತಿ. ಬೈರದೇವನಹಳ್ಳಿ ಹತ್ರ ಹಗರಿ ಹೊಳಿ ಮ್ಯಾಲೆ ಮೇಲ್ಗಾಲುವಿ ಐತಿ, ಕೆಳಗ ಹೊಳಿ, ಮ್ಯಾಲೆ ಕಾಲುವಿ. 2022ರಾಗ ಹಗರಿ ತುಂಬಿ ಬಂದಾಗ ಅದರದೊಂದು ಕಂಬ ಕುಸೀತು. ಗದ್ದಿಯೊಳಗ ಭತ್ತ ತೆನಿ ಹಿಡಿಯೋ ಹೊತ್ತು. ನೀರು ಬಂದ್. ಆಗಿನ ಸಚಿವ ಶ್ರೀರಾಮುಲು ಅವರು ಅಲ್ಲೇ ರಾತ್ರಿ ಮಲಗಿದ್ರು, ಕೆಲಸ ಮುಗಿಯೋತನ ಏಳಂಗಿಲ್ಲ ಅಂದ್ರು. ರೈತರೂ ಟ್ರ್ಯಾಕ್ಟರ್ ತಗೊಂಡು ಹೋಗಿ ಕೈ ಹಚ್ಚಿದ್ರು. ಕಡೀಕೆ ನೀರು ಬಂತು.

ನನಗ ಕಾಡೋದು ಏನಂದ್ರ, ಆ ಕಂಬದ ಬುಡ ನೀರಿಗೆ ಕೊರೆದದ್ದು ಒಂದ ರಾತ್ರಿಯೊಳಗ ಆಗಿದ್ದಲ್ಲ. ಬ್ಯಾಸಗಿಯೊಳಗ ಹೊಳಿ ಒಣಗಿದ್ದಾಗ ಯಾರರ ಕೆಳಗಿಳಿದು ನೋಡಿದ್ರ ಬುನಾದಿ ಎದ್ದು ಕಾಣ್ತಿತ್ತು. ನೋಡಾಕ ಆಳು ಬೇಕಲ್ರಿ. ಮುಂಚೆ ಮೈಲಿಗೊಬ್ಬ ಗ್ಯಾಂಗ್‌ಮನ್ ಇರ್ತಿದ್ದ. ಕಾಲುವಿ ಒಡ್ಡಿನ ಮ್ಯಾಲೆ ನಡಕೊಂತ ಹೋಗಿ ಇಲಿ ತೋಡಿದ ಬಿಲ ಮುಚ್ಚತಿದ್ದ, ಸೋರಿಕಿ ಕಂಡ್ರ ಹೇಳತಿದ್ದ. ಈಗ ಇರೋ ಹಂಗಾಮಿ ಕಾರ್ಮಿಕರು ಪಗಾರ ಬಂದಿಲ್ಲ ಅಂತ ಧರಣಿ ಕುಂತಿರ್ತಾರ. ಅವರ ಹೊಟ್ಟಿಗೆ ಹಾಕದ ಕಾಲುವಿ ಕಾಯೋದು ಹೆಂಗ?

ಕೊನೇಭಾಗ_ಮಾನ್ವಿ:
ಅಣ್ಣಾ, ಇದು ನಮ್ಮಲ್ಲಿ ಎರಡು ಪಟ್ಟು. ಎಡದಂಡೆ 227 ಕಿ.ಮೀ. ಉದ್ದ. ಮೇಲೆ ಒಂದು ತೂಬಿನ ಬಾಗಿಲು ಕೆಟ್ಟರೆ ಅಲ್ಲಿನವರಿಗೆ ನೀರು ಹೆಚ್ಚು ಸಿಗುತ್ತದೆ, ಅವರು ದೂರುವುದಿಲ್ಲ. ಕೆಳಗಿನ ನಮಗೆ ಕಾಲುವೆಯ ನೀರಿನ ಮಟ್ಟ (ಗೇಜ್) ಇಳಿಯುತ್ತದೆ. ಮೂಲ ಯೋಜನೆಯಲ್ಲಿ ಕಡಿಮೆ ನೀರಿನ ಅರೆನೀರಾವರಿ ಬೆಳೆ ಅಂತ ಇದ್ದ ಕಡೆಯೆಲ್ಲ ಈಗ ಭತ್ತ. ಅದು ಬೇರೆ ಜಗಳ, ಇಲ್ಲಿ ಬೇಡ. ಆದರೆ ಕೆಟ್ಟ ತೂಬು ಅಂದರೆ ಬರೀ ಸೋರಿಕೆ ಅಲ್ಲ, ಊರು ಊರಿನ ನಡುವೆ ಹಗೆ. ಪೊಲೀಸ್ ಕಾವಲಿನಲ್ಲಿ ನೀರು ಹರಿಸಿದ ವರ್ಷಗಳಿವೆ.

ಮುನಿರಾಬಾದ್‌ನವರು ಇಲ್ಲಿದ್ದರೆ 2019 ನೆನಪಿರಬೇಕು. ಎಡದಂಡೆ ಮೇಲ್ಮಟ್ಟದ ಕಾಲುವೆಯ ಗೇಟು ಕಿತ್ತು ಪಂಪಾವನ ಉದ್ಯಾನ ನೀರಲ್ಲಿ ಮುಳುಗಿತ್ತು. ಅದೇ ಅಣೆಕಟ್ಟೆಯ ಬುಡದಲ್ಲಿ, 19ನೇ ಗೇಟಿಗಿಂತ ಐದು ವರ್ಷ ಮುಂಚೆ. ಆಗಲೇ ಉಳಿದ ಗೇಟುಗಳನ್ನೆಲ್ಲ ಬಿಚ್ಚಿ ನೋಡಬೇಕಿತ್ತು.

ಮೇಷ್ಟ್ರು_ಗಂಗಾವತಿ:
ಒಂದು ಕಹಿ ಮಾತು ಹೇಳಲೇಬೇಕು. ನಮ್ಮ ರೈತರು ಕಟ್ಟುವ ನೀರಿನ ಕರ ತೀರಾ ಕಡಿಮೆ, ಅದನ್ನೂ ಸರಿಯಾಗಿ ವಸೂಲಿ ಮಾಡುವುದಿಲ್ಲ. ನೀರು ಬಳಕೆದಾರರ ಸಹಕಾರ ಸಂಘಗಳು ಎಷ್ಟೋ ಕಡೆ ಬೋರ್ಡಿಗಷ್ಟೇ ಇವೆ. ಸಂಘವೇ ಕರ ಎತ್ತಿ, ಅದರಲ್ಲಿ ಒಂದು ಪಾಲು ತನ್ನ ತೂಬು, ತನ್ನ ಉಪಕಾಲುವೆಗೇ ಖರ್ಚು ಮಾಡುವಂತಾದರೆ ಜನ ಕೊಡುತ್ತಾರೆ. ಈಗ ಕೊಟ್ಟರೆ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ, ಅದಕ್ಕೇ ಕೊಡುವುದಿಲ್ಲ.

ಸಿರುಗುಪ್ಪ_ಗದ್ದೆ:
ಮೇಷ್ಟ್ರ, ಕೊಡಾಕ ತಯಾರದೀವಿ. ಬೆಳಿ ಇಲ್ಲದ ಈ ವರ್ಷ ಮಾತ್ರ ಕೇಳಬ್ಯಾಡ್ರಿ.

ಪ್ರಶ್ನೆ_ಒಂದು:
ಹೂಳಿನ ಬಗ್ಗೆ ಯಾರೂ ಹೇಳಲಿಲ್ಲ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105.788ಕ್ಕೆ ಬಂದಿದೆ. ಗೇಟು ಬದಲಿಸಲು ಹೇಗೂ ನೀರು ಇಳಿಸುತ್ತಾರೆ, ಹೂಳೂ ತೆಗೆಯಬಾರದೆ?

ನಿವೃತ್ತ_ಎಇಇ:
ಅಷ್ಟು ಹೂಳನ್ನು ತೆಗೆದು ಎಲ್ಲಿ ಹಾಕುವುದು ಎಂಬುದೇ ಉತ್ತರ ಸಿಗದ ಪ್ರಶ್ನೆ. 27 ಟಿಎಂಸಿ ಜಾಗ ತುಂಬಿದ ಮಣ್ಣು ಅದು, ಲಾರಿಯಲ್ಲಿ ಸಾಗಿಸಿ ಮುಗಿಯುವುದಲ್ಲ. ಅದಕ್ಕೇ ನವಲಿ ಬಳಿ, ಇಲ್ಲಿ ಹಿಡಿಯದ ನೀರನ್ನು ಕೂಡಿಡುವ ಸಮತೋಲನ ಜಲಾಶಯದ ಪ್ರಸ್ತಾಪ ಇರುವುದು. ಅದಕ್ಕೆ ಆಂಧ್ರ, ತೆಲಂಗಾಣ ಒಪ್ಪಬೇಕು. ಇಲ್ಲಿ ಒಂದು ಸೂಕ್ಷ್ಮ ಗಮನಿಸಿ: ಅಣೆಕಟ್ಟೆ ಅಂತರರಾಜ್ಯ ತುಂಗಭದ್ರಾ ಮಂಡಳಿಯ ಕೈಯಲ್ಲಿದೆ, ಖರ್ಚು ನೀರಿನ ಪಾಲಿನ ಅನುಪಾತದಲ್ಲಿ ರಾಜ್ಯಗಳ ಮೇಲೆ ಬೀಳುತ್ತದೆ. ಕೃಷ್ಣಾ ಕೊಳ್ಳದ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ತೀರ್ಪಿನ ಪ್ರಕಾರ 230 ಟಿಎಂಸಿಯಲ್ಲಿ ಹೆಚ್ಚಿನ ಪಾಲು ನಮ್ಮದು. ಹಾಗಾಗಿ ಹೆಚ್ಚು ಕೊಡಬೇಕಾದವರೂ ನಾವೇ, ಮೊದಲು ಒತ್ತಾಯಿಸಬೇಕಾದವರೂ ನಾವೇ.

ಕಾನೂನಿನ ಬಲವೂ ಈಗ ಇದೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆಯ ಪ್ರಕಾರ ಅಣೆಕಟ್ಟೆಯ ಮಾಲೀಕರು ನಿರ್ವಹಣೆ ಮತ್ತು ದುರಸ್ತಿಗೆ ಸಾಕಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿಡಲೇಬೇಕು. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ತಪಾಸಣೆ ಕಡ್ಡಾಯ. ಹಳೆ ಅಣೆಕಟ್ಟೆಗಳನ್ನು ಸರಿಪಡಿಸುವ, ವಿಶ್ವಬ್ಯಾಂಕ್ ನೆರವಿನ ಡ್ರಿಪ್ ಯೋಜನೆ ಎರಡು ಮತ್ತು ಮೂರನೇ ಹಂತಕ್ಕೆ 10,211 ಕೋಟಿ ರೂ.ಗೆ 2020ರಲ್ಲೇ ಒಪ್ಪಿಗೆ ಸಿಕ್ಕಿದೆ, ದೇಶದ 736 ಅಣೆಕಟ್ಟೆಗಳಿಗೆ. ಆದರೆ ಡ್ರಿಪ್ ಒಮ್ಮೆ ಬಂದು ಹೋಗುವ ಹಣ. ವರ್ಷ ವರ್ಷದ ಗ್ರೀಸ್ ನಾವೇ ಕೊಳ್ಳಬೇಕು.

ಕಾಳಿತೀರ:
ಸರ್, ಅಣೆಕಟ್ಟೆಗೆ ಇರುವ ಈ ನಿಯಮ ಸೇತುವೆಗೆ ಇದೆಯೇ? ತೆಗೆದಿಟ್ಟ ಹಣ, ಎರಡು ಸಲದ ತಪಾಸಣೆ?

ನಿವೃತ್ತ_ಎಇಇ:
ತಪಾಸಣೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಕೈಪಿಡಿಗಳಿವೆ. ಹಣ ತೆಗೆದಿಡಬೇಕು ಎನ್ನುವ ಕಾಯ್ದೆಯ ಕಟ್ಟುಪಾಡು ಅಣೆಕಟ್ಟೆಗೆ ಇರುವಂತೆ ಸೇತುವೆಗೆ ಇಲ್ಲ. ನನ್ನ ದೃಷ್ಟಿಯಲ್ಲಿ ಕೇಳಬೇಕಾದದ್ದೇ ಅದು. 2025-26ರಲ್ಲಿ ಮುಖ್ಯಮಂತ್ರಿ ಮೂಲಸೌಕರ್ಯ ಅಭಿವೃದ್ಧಿ ಕಾರ್ಯಕ್ರಮ ಅಂತ 8,000 ಕೋಟಿ ಘೋಷಿಸಿದರು. ಇಂಥ ಪ್ರತಿಯೊಂದು ಹೊಸ ಕಾರ್ಯಕ್ರಮದ ಜೊತೆಗೂ, ಇದರಲ್ಲಿ ಇಷ್ಟು ಭಾಗ ಹಳೆಯದನ್ನು ಉಳಿಸಲು ಎಂಬ ಷರತ್ತು ಇರಲಿ, ಮತ್ತು ಅದನ್ನು ವರ್ಷದ ನಡುವೆ ಬೇರೆ ಬಾಬ್ತಿಗೆ ತಿರುಗಿಸುವಂತಿಲ್ಲ ಎಂದಿರಲಿ.

ಲೆಕ್ಕ_ಬಿಡಿಸಿ:
ಇದನ್ನು ನಾನು ಒಪ್ಪುತ್ತೇನೆ. ಗ್ಯಾರಂಟಿ ಇರಲಿ ಬಿಡಲಿ, ನಿರ್ವಹಣೆಗೆ ಬೇಲಿ ಬೇಕು. ಜೊತೆಗೆ ಪ್ರತಿ ಜಿಲ್ಲೆಯ ಸೇತುವೆಗಳ ಪಟ್ಟಿ, ಕಟ್ಟಿದ ವರ್ಷ, ಕೊನೆಯ ತಪಾಸಣೆಯ ದಿನಾಂಕ ಇಲಾಖೆಯ ಜಾಲತಾಣದಲ್ಲಿ ಸಿಗಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಕೇಳದೆಯೇ ಪ್ರಕಟಿಸಬೇಕಾದ ಸಂಗತಿಗಳಿವೆ. ಅದರಲ್ಲಿ ಇದನ್ನೂ ಸೇರಿಸಿ ಅಂತ ಕೇಳೋಣ.

ಅಳವಂಡಿ_ಅಕ್ಕ:
ಅರ್ಜಿ ಬರೀರಿ, ನಮ್ಮ ಸ್ವಸಹಾಯ ಸಂಘದ ಎಲ್ಲರೂ ಸಹಿ ಮಾಡ್ತೀವಿ. ನಮ್ಮೂರ ಹಳ್ಳದ ಸೇತುವಿನೂ ಪಟ್ಟಿಯೊಳಗ ಇರಲಿ. ಕಬ್ಬಿಣ ಹೊರಗ ಬಂದೈತಿ, ಹುಡುಗೂರು ಅದನ್ನ ಹಿಡಕೊಂಡು ಜೋತು ಬೀಳ್ತಾವ.

ಕೊನೇಭಾಗ_ಮಾನ್ವಿ:
ಅಕ್ಕಾ, ಆ ಸೇತುವೆಯ ಫೋಟೊ ಹಾಕಿ. ಕಬ್ಬಿಣ ಕಾಣುವ ಹಾಗೆ ಹತ್ತಿರದಿಂದ ಒಂದು, ಎರಡೂ ದಡ ಕಾಣುವ ಹಾಗೆ ದೂರದಿಂದ ಒಂದು.

ಅರ್ಜಿಯ ಕರಡು ನಾನು ಬರೆಯುತ್ತೇನೆ. ಮೂರೇ ಪ್ರಶ್ನೆ ಇಡೋಣ. ಕಳೆದ ಐದು ವರ್ಷಗಳಲ್ಲಿ ಎಡದಂಡೆ ಕಾಲುವೆ ಮತ್ತು ಉಪಕಾಲುವೆಗಳ ನಿರ್ವಹಣೆಗೆ ವರ್ಷವಾರು ಎಷ್ಟು ಕೇಳಲಾಗಿತ್ತು, ಎಷ್ಟು ಮಂಜೂರಾಯಿತು, ಎಷ್ಟು ಖರ್ಚಾಯಿತು. ಗೇಟುಗಳ ಮಳೆಗಾಲಪೂರ್ವ ತಪಾಸಣಾ ವರದಿಗಳ ಪ್ರತಿ. ಹೊಸ ಗೇಟುಗಳು ಬಂದ ಮೇಲೆ ಅವುಗಳ ವಾರ್ಷಿಕ ನಿರ್ವಹಣೆಗೆ ಯಾವ ಲೆಕ್ಕ ಶೀರ್ಷಿಕೆಯಡಿ ಎಷ್ಟು ಹಣ ತೆಗೆದಿಡಲಾಗಿದೆ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಎಇಇ ಸರ್, ಭಾಷೆ ಒಮ್ಮೆ ನೋಡಿಕೊಡಿ. ಮಂಡಳಿಗೆ ಕಳಿಸುವ ಅರ್ಜಿ ಬೇರೆ, ರಾಜ್ಯ ಇಲಾಖೆಗೆ ಕಳಿಸುವುದು ಬೇರೆ ಅಲ್ಲವೇ?

ನಿವೃತ್ತ_ಎಇಇ:
ಹೌದು, ಬೇರೆ ಬೇರೆ. ಗೇಟಿನದ್ದು ಮಂಡಳಿಗೆ, ಕಾಲುವೆಯದ್ದು ನೀರಾವರಿ ನಿಗಮಕ್ಕೆ. ಒಂದರಲ್ಲೇ ಬರೆದರೆ ವರ್ಗಾಯಿಸುವುದರಲ್ಲೇ ತಿಂಗಳು ಕಳೆಯುತ್ತದೆ. ಮಂಜೂರಾದದ್ದು ಎಂದಷ್ಟೇ ಕೇಳಬೇಡಿ, ‘ಬಿಡುಗಡೆಯಾದದ್ದು’ ಎಂದೂ ಸೇರಿಸಿ. ಮಂಜೂರಾತಿಗೂ ಬಿಡುಗಡೆಗೂ ನಡುವೆ ಮಾರ್ಚ್ ತಿಂಗಳು ಮುಗಿದುಹೋಗಿರುತ್ತದೆ. ಕರಡು ಇಲ್ಲೇ ಹಾಕಿ, ಭಾನುವಾರ ಕೂತು ನೋಡುತ್ತೇನೆ.